ಹೊಡೆತ ಬಿದ್ದಾಗ: ವೂಂಡ್ ಸರ್ಟಿಫಿಕೇಟ್ ಕೋರ್ಟಿನಲ್ಲಿ ನಿಲ್ಲಬೇಕಾದರೆ

ಜಮೀನಿನ ಬದುವಿಗೋ ಗಾಡಿ ನಿಲ್ಲಿಸುವ ಜಾಗಕ್ಕೋ ಶುರುವಾದ ಜಗಳದಲ್ಲಿ ಯಾರದೋ ತಲೆ ಒಡೆಯುತ್ತದೆ. ಮುಂದೆ ಕೇಸು ಎಷ್ಟು ಗಟ್ಟಿ ಎನ್ನುವುದು ಬಹಳಷ್ಟು ಸಲ ಒಂದು ಹಾಳೆಯ ಮೇಲೆ ನಿಂತಿರುತ್ತದೆ. ಅದೇ ವೂಂಡ್ ಸರ್ಟಿಫಿಕೇಟ್, ಅಂದರೆ ಗಾಯ ನೋಡಿದ ಡಾಕ್ಟರು ಬರೆದುಕೊಡುವ ಪ್ರಮಾಣಪತ್ರ.

ಮೊದಲು ಆಸ್ಪತ್ರೆ. ಸ್ಟೇಷನ್‌ನಿಂದ ಚೀಟಿ ತನ್ನಿ ಎಂದು ಯಾರಾದರೂ ತಡೆದರೆ ಒಪ್ಪಬೇಡಿ. ಸರ್ಕಾರಿ ಇರಲಿ, ಖಾಸಗಿ ಇರಲಿ, ತುರ್ತು ಚಿಕಿತ್ಸೆಗೆ ಕಾಗದಪತ್ರ ಕಾಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಹೊಡೆದಾಟದ ಗಾಯ ಎಂದು ತಿಳಿದರೆ ಡಾಕ್ಟರು ಎಂಎಲ್‌ಸಿ (ಪೊಲೀಸ್ ಕೇಸಿಗೆ ಸೇರುವ ಗಾಯ ಎಂಬ ಆಸ್ಪತ್ರೆ ದಾಖಲೆ) ಮಾಡಿ ಪೊಲೀಸರಿಗೆ ತಿಳಿಸುತ್ತಾರೆ.

ಅಲ್ಲಿ ನೀವು ಆಡುವ ಮಾತೇ ಮುಖ್ಯ. ಯಾರು ಹೊಡೆದರು, ಯಾವುದರಿಂದ, ಎಲ್ಲಿ, ಎಷ್ಟು ಹೊತ್ತಿಗೆ ಎಂದು ಕೇಳಿ ಬರೆದುಕೊಳ್ಳುತ್ತಾರೆ. ನಾಚಿಕೆಗೆ 'ಮೆಟ್ಟಿಲಿನಿಂದ ಬಿದ್ದೆ' ಎಂದರೆ ಅದೇ ದಾಖಲಾಗುತ್ತದೆ. ಎದುರು ವಕೀಲರು ಹಿಡಿಯುವುದು ಅದನ್ನೇ. ಸಿಟ್ಟಿಗೆ ಅಲ್ಲಿ ಇಲ್ಲದವರ ಹೆಸರನ್ನೂ ಸೇರಿಸಿದರೆ ಇನ್ನೂ ಕಷ್ಟ. ಯಾರೆಂದು ನೋಡಿಲ್ಲದಿದ್ದರೆ ನೋಡಿಲ್ಲ ಎನ್ನಿ.

ಎಲ್ಲ ಗಾಯ ತೋರಿಸಿ, ಬೆನ್ನಿನ ಬಾಸುಂಡೆಯನ್ನೂ. ಡಾಕ್ಟರು ಪ್ರತಿ ಗಾಯದ ಜಾಗ, ಅಳತೆ, ಬಣ್ಣ ಬರೆಯುತ್ತಾರೆ, ಗುರುತಿಗೆ ಮಚ್ಚೆಗಳನ್ನೂ. ರಕ್ತ ಹೆಪ್ಪುಗಟ್ಟಿದ ಕಲೆ ಮೊದಲು ಕೆಂಪು, ಆಮೇಲೆ ನೀಲಿ, ದಿನ ಕಳೆದಂತೆ ಹಸಿರು, ಕೊನೆಗೆ ಹಳದಿ. ಗಾಯ ಹೊಸದೋ ಹಳೆಯದೋ ಎಂಬ ಅಂದಾಜು ಸಿಗುವುದು ಇದರಿಂದ. ಅಂದಾಜು ಮಾತ್ರ, ಗಡಿಯಾರ ನೋಡಿ ಹೇಳಿದ ಹಾಗಲ್ಲ. ನಾಲ್ಕು ದಿನ ಬಿಟ್ಟು ಹೋದರೆ ಅರ್ಧ ಸಾಕ್ಷ್ಯ ಮೈಯಿಂದಲೇ ಮಾಯ. ನೆತ್ತಿಯ ಗಾಯ ಇನ್ನೂ ಮೋಸದ್ದು. ದೊಣ್ಣೆ ಪೆಟ್ಟಿಗೆ ಒಡೆದ ಚರ್ಮವೂ ಮಚ್ಚಿನಲ್ಲಿ ಕೊಯ್ದಂತೆ ಕಾಣುತ್ತದೆ. ಅಂಚು ಜಜ್ಜಿದೆಯೇ, ಕೂದಲಿನ ಬುಡ ನುಜ್ಜಾಗಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡಬೇಕಾಗುತ್ತದೆ.

ಗಾಯ ಸಾಮಾನ್ಯದ್ದೋ ತೀವ್ರದ್ದೋ? ಇಲ್ಲಿ ಕೇಸಿನ ದಿಕ್ಕೇ ಬದಲಾಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ ಕಲಂ 116 ತೀವ್ರ ಗಾಯದಲ್ಲಿ ಎಂಟು ಬಗೆ ಹೇಳುತ್ತದೆ. ಮೂಳೆ ಅಥವಾ ಹಲ್ಲು ಮುರಿದರೂ ಸಾಕು. 15 ದಿನ ವಿಪರೀತ ನೋವಿದ್ದರೆ, ಅಥವಾ ದಿನದ ಕೆಲಸ ಮಾಡಲಾಗದಿದ್ದರೆ ಅದೂ ತೀವ್ರವೇ. ಇದಕ್ಕೂ ಮುಂಚಿನ ಕಾನೂನಾದ ಐಪಿಸಿಯಲ್ಲಿ ಇದು 20 ದಿನ ಇತ್ತು. ಅಪಾಯಕಾರಿ ಆಯುಧ ಬಳಸದಿದ್ದರೆ ಸಾಮಾನ್ಯ ಗಾಯಕ್ಕೆ ಗರಿಷ್ಠ 1 ವರ್ಷ ಶಿಕ್ಷೆ; ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಹಾಗೆಯೇ ಆಯುಧವಿಲ್ಲದ ತೀವ್ರ ಗಾಯಕ್ಕೆ 7 ವರ್ಷದವರೆಗೆ. ಹಾಗಾಗಿ ಎಕ್ಸ್‌ರೇ ಬರೆದುಕೊಟ್ಟರೆ ತೆಗೆಸಿ, ಹಲ್ಲು ಅಲ್ಲಾಡುತ್ತಿದ್ದರೆ ದಂತವೈದ್ಯರಿಗೆ ತೋರಿಸಿ. ಆ ವರದಿ ಬರದಿದ್ದರೆ ಡಾಕ್ಟರು ಅಭಿಪ್ರಾಯ ಕೊಡುವುದಾದರೂ ಹೇಗೆ?

ರಕ್ತವಾದ ಬಟ್ಟೆ ಒಗೆಯಬೇಡಿ. ನೆರಳಲ್ಲಿ ಒಣಗಿಸಿ ಪೇಪರ್ ಕವರ್‌ನಲ್ಲಿಡಿ. ಪ್ಲಾಸ್ಟಿಕ್‌ನಲ್ಲಿ ತೇವ ಉಳಿದು ಬೂಷ್ಟು ಬರುತ್ತದೆ, ಡಿಎನ್‌ಎ ಹಾಳಾಗುತ್ತದೆ. ಪೊಲೀಸರು ಮಹಜರ್ (ಸಾಕ್ಷಿಗಳ ಎದುರು ಬರೆಯುವ ಜಪ್ತಿ ದಾಖಲೆ) ಮಾಡಿ, ಸೀಲ್ ಹಾಕಿ ಎಫ್‌ಎಸ್‌ಎಲ್‌ಗೆ, ಅಂದರೆ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ, ಕಳಿಸಬೇಕು. ಸೀಲಿನ ವಿಚಾರದಲ್ಲಿ ಸಡಿಲವಾದರೆ ಒಳ್ಳೆಯ ವರದಿಯೂ ಕೆಲಸಕ್ಕೆ ಬಾರದೆ ಹೋಗಬಹುದು.

ಸರ್ಟಿಫಿಕೇಟ್ ಸಾಮಾನ್ಯವಾಗಿ ತನಿಖಾಧಿಕಾರಿಗೆ ಹೋಗುತ್ತದೆ. ನಿಮ್ಮ ಕೈಗೆ ಸಿಗುವ ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್, ಬಿಲ್ಲು ಎಲ್ಲ ಜೋಪಾನ ಮಾಡಿ. ಎಂಎಲ್‌ಸಿ ನಂಬರ್ ಬರೆದಿಟ್ಟುಕೊಳ್ಳಿ.

ಇನ್ನು ಕೋರ್ಟು. ಡಾಕ್ಟರು ವರ್ಷಗಳ ಮೇಲೆ ಬಂದು, ಅದೇ ಹಾಳೆ ನೋಡಿ ಹೇಳುತ್ತಾರೆ. ಸರ್ಕಾರಿ ವಕೀಲರು ಕೇಳುತ್ತಾರೆ: 'ಈ ದೊಣ್ಣೆಯಿಂದ ಈ ಗಾಯ ಆಗಬಹುದೇ?' 'ಆಗಬಹುದು.' ಎದುರು ವಕೀಲರು ಕೇಳುತ್ತಾರೆ: 'ಕಲ್ಲಿನ ಮೇಲೆ ಬಿದ್ದರೂ ಆಗಬಹುದಲ್ವಾ?' ಅದಕ್ಕೂ 'ಆಗಬಹುದು' ಎಂಬ ಉತ್ತರ ಬಂದರೆ ಗಾಬರಿ ಬೇಡ. ಯಾರು ಹೊಡೆದರು ಎಂದು ಹೇಳುವುದು ಡಾಕ್ಟರ ಕೆಲಸವಲ್ಲ, ಕಣ್ಣಾರೆ ಕಂಡವರದ್ದು. ಇಬ್ಬರ ಮಾತು ಹೊಂದದಿದ್ದರೆ ಸಾಮಾನ್ಯವಾಗಿ ನಂಬಿಕಸ್ಥ ಕಣ್ಸಾಕ್ಷಿಗೇ ತೂಕ ಜಾಸ್ತಿ. ಕಣ್ಸಾಕ್ಷಿ ಹೇಳಿದ್ದು ಸಾಧ್ಯವೇ ಇಲ್ಲ ಎಂದು ವೈದ್ಯಕೀಯ ಸಾಕ್ಷ್ಯ ತೋರಿಸಿದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಜಪ್ತಿಯಾದ ದೊಣ್ಣೆಯನ್ನು ತನಿಖೆಯ ಹೊತ್ತಿಗೇ ಡಾಕ್ಟರಿಗೆ ತೋರಿಸಿ ಅಭಿಪ್ರಾಯ ಪಡೆದಿದ್ದಾರಾ ಎಂದು ಚಾರ್ಜ್‌ಶೀಟ್ ಬಂದ ಕೂಡಲೇ ನಿಮ್ಮ ವಕೀಲರ ಹತ್ತಿರ ಕೇಳಿ.