ಗುಂಡಿ ಒತ್ತಿ ದಾಟುವ ಸಿಗ್ನಲ್: ಸೆಕೆಂಡು ಕೂರಿಸುವ ಲೆಕ್ಕ

ಪೆಲಿಕನ್ ಸಿಗ್ನಲ್‌ಗೆ, ಅಂದರೆ ಪಾದಚಾರಿಗಳು ಗುಂಡಿ ಒತ್ತಿ ದಾಟುವ ಸಿಗ್ನಲ್‌ಗೆ, ಸಮಯ ಕೂರಿಸುವ ಮುಂಚೆ ಟೇಪು ಹಿಡಿದು ಈಚೆ ಫುಟ್‌ಪಾತಿನ ಅಂಚಿನಿಂದ ಆಚೆ ಅಂಚಿನವರೆಗೆ ಅಳೆಯುತ್ತೇನೆ. ಜೀಬ್ರಾ ಪಟ್ಟೆ ಓರೆಯಾಗಿದ್ದರೆ ಓರೆಯಲ್ಲೇ ಅಳತೆ. ನಾಲ್ಕು ಲೇನಿನ ರಸ್ತೆ 14 ಮೀಟರ್ ಬಂತು ಅನ್ನಿ. ಸೆಕೆಂಡಿಗೆ 1.2 ಮೀಟರ್ ನಡಿಗೆ ಎಂದರೆ 12 ಸೆಕೆಂಡು ಸಾಕು. ಅದು ಗಟ್ಟಿ ಕಾಲಿನವರ ಲೆಕ್ಕ. ಆಸ್ಪತ್ರೆ, ಶಾಲೆ, ಮಾರ್ಕೆಟ್ ಹತ್ತಿರ 0.9 ಮೀಟರ್ ಹಿಡಿಯುತ್ತೇನೆ; 16 ಸೆಕೆಂಡಾಗುತ್ತದೆ.

ಈ 16 ಸೆಕೆಂಡು ಪಾದಚಾರಿಗಳ ಮಿನುಗುವ ಹಸಿರಿಗೆ. ಅದಕ್ಕೂ ಮೊದಲಿನ, ಮಿನುಗದೆ ನಿಂತ ಹಸಿರು 7 ಸೆಕೆಂಡು, ಕಾದವರು ರಸ್ತೆಗಿಳಿಯಲು. ಮಿನುಗಲು ಶುರುವಾದ ಮೇಲೆ ಹೊಸಬರು ಇಳಿಯಬಾರದು, ಇಳಿದವರು ದಾಟಿ ಮುಗಿಸಬೇಕು. ಅಷ್ಟೂ ಹೊತ್ತು ವಾಹನಗಳಿಗೆ ಕೆಂಪೇ. ಬ್ರಿಟನ್ನಿನ ಪೆಲಿಕನ್‌ನಲ್ಲಿ ಆಗ ವಾಹನಗಳಿಗೆ ಹಳದಿ ಮಿನುಗುತ್ತದೆ, ಪಟ್ಟೆ ಖಾಲಿಯಿದ್ದರೆ ಹೊರಡಬಹುದು. ನಮ್ಮ ರಸ್ತೆಗೆ ಅದು ಆಗದ ಮಾತು.

ಪಾದಚಾರಿಗಳ ಹಸಿರಿಗೂ ಮುಂಚೆ ವಾಹನಗಳ ಹಳದಿ 3 ಸೆಕೆಂಡು, ಆಮೇಲೆ 2 ಸೆಕೆಂಡು ವಾಹನಕ್ಕೂ ಪಾದಚಾರಿಗೂ ಕೆಂಪು. ಹಳದಿ ಕಂಡರೆ ಆಕ್ಸಿಲರೇಟರ್ ತಿರುಚುವವರಿದ್ದಾರೆ. ಟ್ರಾಫಿಕ್ ಜಾಸ್ತಿ ಅಂತ ಆ 2 ಸೆಕೆಂಡಿಗೆ ಕೈ ಹಾಕಬೇಡಿ.

ಗುಂಡಿ ಒತ್ತಿದೊಡನೆ ಕೆಂಪು ಬೀಳದು. ಸಿಗ್ನಲ್ ನಡೆಸುವ ಕಂಟ್ರೋಲರ್ ಆ ಬೇಡಿಕೆಯನ್ನು ನೆನಪಿಟ್ಟುಕೊಂಡು, ವಾಹನಗಳ ಕನಿಷ್ಠ ಹಸಿರು ಮುಗಿದ ಮೇಲೆ ದಾರಿ ಬಿಡುತ್ತದೆ. ಅದನ್ನು 30 ಸೆಕೆಂಡಿನ ಆಸುಪಾಸು ಇಡುತ್ತೇನೆ. 90 ಇಟ್ಟರೆ ಜನ ಕೈ ತೋರಿಸಿ ನುಗ್ಗಿ ದಾಟಿರುತ್ತಾರೆ. ಕೊನೆಗೆ ಕೆಂಪು ಬೀಳುವುದು ಖಾಲಿ ಪಟ್ಟೆಗೆ. ನಾಲ್ಕು ದಿನ ಹಾಗಾದರೆ ಡ್ರೈವರ್‌ಗಳು ಆ ಕೆಂಪಿಗೆ ನಿಲ್ಲುವುದೇ ಇಲ್ಲ. ಗುಂಡಿ ಪಕ್ಕದ 'ಕಾಯಿರಿ' ದೀಪವೂ ಉರಿಯಬೇಕು, ಇಲ್ಲವಾದರೆ ಕುಟ್ಟಿ ಕುಟ್ಟಿ ಗುಂಡಿಯನ್ನೇ ಮುರಿಯುತ್ತಾರೆ.

ಯಾರೂ ಇಲ್ಲದಿದ್ದರೂ ಪ್ರತಿ ಸುತ್ತಿಗೂ ಹಸಿರು ಮನುಷ್ಯ ಬರುತ್ತಿದ್ದರೆ ಗುಂಡಿ ಒಳಗೇ ಸಿಕ್ಕಿಕೊಂಡಿದೆ, ಅಥವಾ ಮಳೆನೀರು ಇಳಿದು ಕಾಂಟ್ಯಾಕ್ಟ್ ಸೇರಿಕೊಂಡಿದೆ. ಕೇಬಲ್ಲನ್ನು ಗುಂಡಿಯ ಪೆಟ್ಟಿಗೆಗೆ ಕೆಳಗಿನಿಂದ ತಂದು, ಗ್ಲ್ಯಾಂಡ್ (ಕೇಬಲ್ ಒಳಹೋಗುವ ತೂತಿನ ಬಿಗಿ) ಬಿಗಿದರೆ ಅರ್ಧ ತಾಪತ್ರಯ ತಪ್ಪುತ್ತದೆ. ಆರಿರಬೇಕಾದ ಎಲ್‌ಇಡಿ ಮಂಕಾಗಿ ಉರಿದರೆ ಮೊದಲು ನ್ಯೂಟ್ರಲ್ ಸಡಿಲವಾಗಿದೆಯೇ ನೋಡಿ. ಅದು ಸರಿಯಿದ್ದರೆ, ಉದ್ದ ಕೇಬಲ್ಲಿನಲ್ಲಿ ಪಕ್ಕದ ಕೋರಿನಿಂದ (ಕೇಬಲ್ ಒಳಗಿನ ತಂತಿಯಿಂದ) ಪ್ರೇರಣೆಯಾಗಿ ಬಂದ ಸಣ್ಣ ವೋಲ್ಟೇಜ್ ಅದು. ದೀಪದ ಅಡ್ಡಕ್ಕೆ ಲೋಡ್ ರೆಸಿಸ್ಟರ್ ಹಾಕಿದರೆ ಹೋಗುತ್ತದೆ.

ಬ್ಯಾರಿಕೇಡ್ ತೆಗೆಯುವ ಮುಂಚೆ, ಕೆಂಪು ಕೆಟ್ಟರೆ ಏನಾಗುತ್ತದೆ ನೋಡಲು, ವಾಹನಗಳ ಕೆಂಪು ದೀಪದ ವೈರು ಬಿಚ್ಚಿ ಗುಂಡಿ ಒತ್ತುತ್ತೇನೆ. ಹಸಿರು ಮನುಷ್ಯ ಕಾಣಿಸಿಕೊಳ್ಳದೆ ಇಡೀ ಸಿಗ್ನಲ್ ಮಿನುಗುವ ಹಳದಿಗೆ ಬೀಳಬೇಕು. ಬೀಳದಿದ್ದರೆ ಮೇನ್ ಆಫ್ ಮಾಡಿ, ಬ್ಯಾರಿಕೇಡ್ ಅಲ್ಲೇ ಬಿಟ್ಟು ಬರುತ್ತೇನೆ.