ನಮ್ಮ ಗರಡಿ: ಮಟ್ಟಿ, ಕುರ್ಚಿ, ಹಾಜರಿ ಪುಸ್ತಕ

ಮೈಸೂರಿನ ಹಳೇ ಕೇರಿಗಳ ಗರಡಿಮನೆಗಳಲ್ಲಿ ಬೆಳಗಿನ ಜಾವಕ್ಕೂ ಸಂಜೆಗೂ ಪೈಲ್ವಾನರು ಸಾಮು ಮಾಡುತ್ತಾರೆ. ದಸರಾ ಕುಸ್ತಿ ಹತ್ತಿರವಾದಾಗ ಕಾಲಿಡಲು ಜಾಗ ಇರುವುದಿಲ್ಲ, ಮಿಕ್ಕ ಹೊತ್ತು ಬಾಗಿಲಿಗೆ ಬೀಗ. ನಮ್ಮಲ್ಲಿ ಆ ಬೀಗದ ಹೊತ್ತನ್ನೇ ಕೇರಿಯವರಿಗೆ ಬಿಟ್ಟುಕೊಟ್ಟಿದ್ದೇವೆ. ಬೆಳಗ್ಗೆ 5ರಿಂದ 6.30 ಪೈಲ್ವಾನರದು, ಆಮೇಲೆ ಒಂದು ಗಂಟೆ ವಯಸ್ಸಾದವರದು. ಮನೆಗೆಲಸ ಮುಗಿಸಿ ಬರುವ ಹೆಂಗಸರಿಗೆ 10.30, ಸಂಜೆ ಮತ್ತೆ ಹುಡುಗರಿಗೆ. ಟ್ರೆಡ್‌ಮಿಲ್ ಕೊಳ್ಳುವ ದುಡ್ಡಿದ್ದರೆ ಮೊದಲು ನೆಲ ಸರಿಮಾಡಿಸಿ, ಗಟ್ಟಿ ಕುರ್ಚಿ ತನ್ನಿ ಎಂದೇ ನಾವು ಹೇಳುವುದು.

ಗರಡಿಯ ಜೀವ ಮಟ್ಟಿಯಲ್ಲಿದೆ, ಅಂದರೆ ಕುಸ್ತಿಯಾಡುವ ಮಣ್ಣಿನ ಅಖಾಡದಲ್ಲಿ. ಕೆಮ್ಮಣ್ಣನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಜಾಲಿಸಿ, ಕನಿಷ್ಠ ಒಂದು ಅಡಿ ದಪ್ಪಕ್ಕೆ ತುಂಬಬೇಕು. ಒಂದು ಹರಳು ಉಳಿದರೂ ಅದು ಯಾರದೋ ಮೊಣಕೈ ಕೊಯ್ಯುತ್ತದೆ. ಅದಕ್ಕೆ ಮಜ್ಜಿಗೆ, ಎಳ್ಳೆಣ್ಣೆ, ಅರಿಶಿನ, ಕರ್ಪೂರ, ಒಣಗಿಸಿ ಪುಡಿ ಮಾಡಿದ ಬೇವಿನೆಲೆ ಸೇರಿಸುತ್ತೇವೆ. ಹದ ನೋಡುವುದು ಕೈಯಲ್ಲೇ. ಒಂದು ಹಿಡಿ ಮಣ್ಣನ್ನು ಬಿಗಿಯಾಗಿ ಅದುಮಿದರೆ ಉಂಡೆ ನಿಲ್ಲಬೇಕು, ಬೆರಳಲ್ಲಿ ತಿವಿದರೆ ಪುಡಿಯಾಗಿ ಉದುರಬೇಕು. ಉಂಡೆಯೇ ಕಟ್ಟದಿದ್ದರೆ ಒಣಗಿದೆ ಎಂದರ್ಥ, ಧೂಳೆದ್ದು ಕೆಮ್ಮು ಬರುತ್ತದೆ, ಬಿದ್ದಾಗ ಚರ್ಮ ತರಚುತ್ತದೆ. ತಿವಿದರೂ ಒಡೆಯದೆ ಬೆರಳಿಗೆ ಮೆತ್ತಿಕೊಂಡರೆ ನೀರು ಹೆಚ್ಚಾಗಿದೆ. ಅಂಥ ಮಟ್ಟಿಯಲ್ಲಿ ಪಾದ ಹೂತುಕೊಂಡು ಮೈ ತಿರುಗುತ್ತದೆ, ಮೊಣಕಾಲು ತಿರುಚುವುದು ಹಾಗೆಯೇ. ಪ್ರತಿದಿನ ಗುದ್ದಲಿಯಿಂದ ಅಗೆದು ಮಗುಚಲೇಬೇಕು. ಒಂದು ವಾರ ಬಿಟ್ಟರೆ ಕೆಳಗಿನ ಪದರ ಗಾರೆಯಂತೆ ಗಟ್ಟಿಯಾಗುತ್ತದೆ.

ಅರಿಶಿನ, ಬೇವು ಹಾಕಿದ ಮಣ್ಣಿನಲ್ಲಿ ಚರ್ಮರೋಗ ಹರಡುವುದಿಲ್ಲ ಎಂದು ನಂಬಿ ಕೂರಬಾರದು. ಹುಳುಕಡ್ಡಿ ಮೈಯಿಂದ ಮೈಗೆ, ಲಂಗೋಟಿಯಿಂದ, ಟವೆಲಿನಿಂದ ದಾಟುತ್ತದೆ. ಮಟ್ಟಿಗಿಳಿಯುವ ಮುಂಚೆ ಕುತ್ತಿಗೆ, ಕಂಕುಳು, ಸೊಂಟದ ಸುತ್ತ ಉಸ್ತಾದರು ನೋಡುತ್ತಾರೆ, ಉಗುರನ್ನೂ ನೋಡುತ್ತಾರೆ. ದುಂಡಗೆ, ಅಂಚು ಕೆಂಪಾಗಿ ಉಬ್ಬಿದ ಕಲೆ ಕಂಡರೆ ಡಾಕ್ಟರು ಸರಿ ಎನ್ನುವವರೆಗೆ ಅವನಿಗೆ ಕುಸ್ತಿ ಇಲ್ಲ, ದಂಡೆ ಬಸ್ಕಿ ಮಾತ್ರ. ಚೀಟಿ ಇಲ್ಲದೆ ಕೊಳ್ಳುವ ಸ್ಟೀರಾಯ್ಡ್ ಬೆರೆತ ಮುಲಾಮಿನ ಬಗ್ಗೆ ಹುಡುಗರಿಗೆ ಬಿಡಿಸಿ ಹೇಳುತ್ತೇವೆ. ಅದು ತುರಿಕೆಯನ್ನು ಬೇಗ ನಿಲ್ಲಿಸುತ್ತದೆ, ಆದರೆ ಕಲೆಯ ಅಂಚು ಮಸುಕಾಗಿ ರೋಗ ಒಳಗೊಳಗೇ ಅಗಲವಾಗುತ್ತದೆ. ಲಂಗೋಟಿಯನ್ನು ದಿನಾ ಒಗೆದು ಬಿಸಿಲಲ್ಲೇ ಒಣಗಿಸಬೇಕು. ಗರಡಿಯ ಗೂಟಕ್ಕೆ ನೇತುಹಾಕಿ ಹೋಗಲು ಬಿಡುವುದಿಲ್ಲ.

ವಯಸ್ಸಾದವರು ಬಂದರೆ ಮೊದಲ ದಿನ ಕುರ್ಚಿ ಪರೀಕ್ಷೆ. ಕೈಹಿಡಿ ಇಲ್ಲದ, ಸುಮಾರು 43 ಸೆಂ.ಮೀ. ಎತ್ತರದ ಕುರ್ಚಿಯನ್ನು ಗೋಡೆಗೆ ಆನಿಸಿ ಇಡುತ್ತೇವೆ. ಎರಡೂ ಕೈ ಎದೆಯ ಮೇಲೆ ಕತ್ತರಿಯಾಗಿ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಂದು ಎಣಿಸಬೇಕು. 65ರಿಂದ 69ರ ಗಂಡಸರಿಗೆ 12ಕ್ಕಿಂತ, ಹೆಂಗಸರಿಗೆ 11ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಹೆಚ್ಚು ಎಂದು ಲೆಕ್ಕ. ಕೈ ಊರದೆ ಏಳಲಾಗದವರಿಗೆ ಜಮಖಾನ ಮಡಿಸಿ ಹಾಕಿ ಕೂರುವ ಎತ್ತರ ಏರಿಸುತ್ತೇವೆ. ಸಲೀಸಾಗಿ 10 ಸಲ ಎದ್ದ ಮೇಲೆ ಒಂದು ಮಡಿಕೆ ತೆಗೆಯುವುದು. ಸಾಮಾನ್ಯವಾಗಿ ಕೆಡುವುದು ಎರಡು ಕಡೆ. ಪಾದ ಮುಂದಕ್ಕಿದ್ದು ಬೆನ್ನು ನೆಟ್ಟಗಿದ್ದರೆ ಏಳಲು ಆಗುವುದೇ ಇಲ್ಲ. ಪಾದ ಹಿಂದಕ್ಕೆಳೆದು, ಮೂಗು ಮೊಣಕಾಲಿನ ನೇರಕ್ಕೆ ಬರುವಷ್ಟು ಬಾಗಿ ಎದ್ದರೆ ಶ್ರಮ ಎಷ್ಟೋ ಇಳಿಯುತ್ತದೆ. ಇನ್ನೊಂದು, ಉಸಿರು ಬಿಗಿಹಿಡಿದು ಏಳುವುದು. ರಕ್ತದೊತ್ತಡ ಸರಕ್ಕನೆ ಏರುವುದು ಆಗಲೇ. ಅದಕ್ಕೇ ಎಲ್ಲರೂ ಜೋರಾಗಿ ಎಣಿಸಬೇಕು, ಎಣಿಸುವ ಬಾಯಿ ಉಸಿರು ಕಟ್ಟುವುದಿಲ್ಲ. ಇದರ ಜೊತೆಗೆ ಗೋಡೆ ಪಕ್ಕದಲ್ಲಿ ಒಂಟಿ ಕಾಲಲ್ಲಿ ನಿಲ್ಲುವುದು, ವಾರಕ್ಕೆ ಮೂರು ದಿನವಾದರೂ.

ರಕ್ತದೊತ್ತಡ ನೋಡುವ ಮುಂಚೆ 5 ನಿಮಿಷ ಮಾತಾಡಿಸದೆ ಕೂರಿಸಬೇಕು, ಕಾಫಿ ಕುಡಿದು ಅರ್ಧ ಗಂಟೆಯಾಗಿರಬೇಕು. 180/110 ಮೀರಿದ್ದರೆ ಅಂದು ಸಾಮು ಇಲ್ಲ, ಡಾಕ್ಟರ ಹತ್ತಿರ ಕಳಿಸುತ್ತೇವೆ. ಎದೆನೋವು, ಮಾತು ತೊದಲುವುದು ಇದ್ದರೆ ನೇರ 108ಕ್ಕೆ ಫೋನು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಬರಬಾರದು. ಬೆವರಿ, ಕೈ ನಡುಗಿ, ಸಕ್ಕರೆ 70ಕ್ಕಿಂತ ಇಳಿದಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡುವುದು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು.

ಹೆಂಗಸರ ಹೊತ್ತಿಗೆ ಕಲಿಸುವವರೂ ಹೆಂಗಸರೇ. ಆ ಒಂದು ಗಂಟೆ ಬೇರೆ ಯಾರೂ ಒಳಗೆ ಬರುವುದಿಲ್ಲ, ಫೋಟೋ ತೆಗೆಯುವುದಿಲ್ಲ, ಸಣ್ಣ ಮಕ್ಕಳನ್ನು ಕರೆತರಬಹುದು. ಇವು ಇಲ್ಲದಿದ್ದರೆ ಎಷ್ಟು ಒಳ್ಳೆಯ ತರಬೇತಿ ಕೊಟ್ಟರೂ ಮೂರನೇ ದಿನಕ್ಕೆ ಜನ ಇರುವುದಿಲ್ಲ. ಭಾರಕ್ಕೆ ಡಂಬೆಲ್ ಬದಲು ಮುಚ್ಚಳ ಇರುವ ನೀರಿನ ಕ್ಯಾನು ಬಳಸುತ್ತೇವೆ. ಒಂದು ಲೀಟರ್ ನೀರು ಒಂದು ಕಿಲೋ, ಹಾಗಾಗಿ ಲೆಕ್ಕ ಸುಲಭ. 4 ಲೀಟರಿನಿಂದ ಶುರು ಮಾಡಿ, ನೋವಿಲ್ಲದಿದ್ದರೆ ವಾರಕ್ಕೊಂದು ಲೀಟರ್ ಏರಿಸುವುದು. ಕ್ಯಾನನ್ನು ಮೈಗೆ ಹತ್ತಿರ ಹಿಡಿದು, ಸೊಂಟವನ್ನು ಹಿಂದಕ್ಕೆ ತಳ್ಳಿ ಮಂಡಿ ಬಗ್ಗಿಸಿ ಎತ್ತಬೇಕು. ಎತ್ತಿದ ಮೇಲೆ ನಡು ತಿರುಚದೆ ಪಾದವನ್ನೇ ತಿರುಗಿಸಬೇಕು. ಮನೆಯಲ್ಲಿ ಬಿಂದಿಗೆ, ಗ್ಯಾಸ್ ಸಿಲಿಂಡರ್ ಸರಿಸುವಾಗ ಬೇಕಾಗುವುದು ಇದೇ ವಿದ್ಯೆ.

ಹಾಜರಿ ಪುಸ್ತಕವನ್ನು ಚಂದಾ ವಸೂಲಿಗೆ ಇಟ್ಟಿಲ್ಲ. ಚಂದಾ ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂಬುದು ಖಜಾಂಚಿಯೊಬ್ಬರಿಗೇ ಗೊತ್ತಿರಬೇಕು, ಅದನ್ನು ಬೋರ್ಡಿನ ಮೇಲೆ ಬರೆದರೆ ಕೈಯಲ್ಲಿ ಕಾಸಿಲ್ಲದವರು ಹೇಳದೆ ಕೇಳದೆ ನಿಂತುಬಿಡುತ್ತಾರೆ. ಪುಸ್ತಕ ಇರುವುದು ಬಾರದವರನ್ನು ಕಂಡುಹಿಡಿಯಲು. ಒಬ್ಬರೇ ಇರುವ ಹಿರಿಯರು ಎರಡು ದಿನ ಬರಲಿಲ್ಲವೆಂದರೆ ಫೋನು, ಎತ್ತದಿದ್ದರೆ ಆವತ್ತೇ ಮನೆಗೆ ಹೋಗುತ್ತೇವೆ. ಉಳಿದವರಿಗೆ ವಾರದ ಗಡುವು. ಫೋನಿನಲ್ಲಿ 'ಯಾಕೆ ಬರಲಿಲ್ಲ' ಎಂದು ಕೇಳಬಾರದು, 'ಹೇಗಿದ್ದೀರಿ ಅಜ್ಜಿ, ಏನಾದರೂ ತಂದುಕೊಡಬೇಕಾ' ಎಂದು ಕೇಳಿದರೆ ವಿಷಯ ತಾನಾಗಿ ಹೊರಬರುತ್ತದೆ. ಗರಡಿಯಿಂದ ಕೇರಿಗೆ ಆಗುವ ಉಪಕಾರದಲ್ಲಿ ಇದಕ್ಕಿಂತ ದೊಡ್ಡದನ್ನು ನಾವು ಕಂಡಿಲ್ಲ.

ಉಳುಕು ತೆಗೆಸಿಕೊಳ್ಳಲು ಜನ ಈಗಲೂ ಗರಡಿಗೇ ಬರುತ್ತಾರೆ. ಅಲ್ಲಿ ಗೆರೆ ಎಳೆದುಕೊಂಡಿದ್ದೇವೆ. ಹಿಮ್ಮಡಿಗಂಟು ಊದಿ, ನಾಲ್ಕು ಹೆಜ್ಜೆ ಊರಿ ನಡೆಯಲು ಆಗದಿದ್ದರೆ, ಅಥವಾ ಗಂಟಿನ ಮೂಳೆ ಒತ್ತಿದಾಗ ಕಿರುಚುವಷ್ಟು ನೋವಿದ್ದರೆ ಎಕ್ಸ್‌ರೇ ಆಗದೆ ಮುಟ್ಟುವುದಿಲ್ಲ. ಹೊಸ ಊತವನ್ನು ಮೊದಲ ಎರಡು ದಿನ ಎಣ್ಣೆ ಹಾಕಿ ತಿಕ್ಕಿದರೆ ಒಳಗಿನ ರಕ್ತಸ್ರಾವ, ಊತ ಎರಡೂ ಹೆಚ್ಚುತ್ತವೆ. ಬಟ್ಟೆಯಲ್ಲಿ ಸುತ್ತಿದ ಐಸು, ಕ್ರೇಪ್ ಬ್ಯಾಂಡೇಜು, ಕಾಲು ಎತ್ತರಕ್ಕಿಡುವುದು, ಅಷ್ಟೇ. ಬಿದ್ದ ಹಿರಿಯರ ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿ ಮಲಗಿದ್ದರೆ ಸೊಂಟದ ಬಳಿ ತೊಡೆಮೂಳೆ ಮುರಿದಿದೆ ಎಂದೇ ತಿಳಿಯಬೇಕು. ಎಬ್ಬಿಸಿ ಕೂರಿಸಲು ಹೋಗಬಾರದು. ಕಾಲಿನ ಎರಡೂ ಪಕ್ಕ ದಿಂಬು ಒತ್ತಾಗಿಟ್ಟು 108ಕ್ಕೆ ಹೇಳಿ, ಒಬ್ಬ ಹುಡುಗ ಓಡಿ ಬೀದಿ ತಿರುವಿನಲ್ಲಿ ನಿಲ್ಲಬೇಕು, ಯಾಕೆಂದರೆ ನಮ್ಮ ಓಣಿಗಳ ಬಾಯಿ ಆಂಬ್ಯುಲೆನ್ಸ್ ಚಾಲಕರಿಗೆ ಕಾಣುವುದಿಲ್ಲ. ಗಾಡಿ ಒಳಗೆ ಬಾರದ ಕಡೆ ಸ್ಟ್ರೆಚರ್ ಹೊರಲು ನಾಲ್ವರು ಬೇಕು, ಆ ನಾಲ್ವರ ಹೆಸರು ಮತ್ತು ನಂಬರನ್ನು ಬಾಗಿಲ ಪಕ್ಕದ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದೇವೆ, ತಿಂಗಳಿಗೊಮ್ಮೆ ಕರೆ ಮಾಡಿ ನಂಬರು ನಡೆಯುತ್ತಿದೆಯೇ ಎಂದು ನೋಡುತ್ತೇವೆ.