ಸ್ಪ್ಯಾನರ್ ಹಿಡಿದು ಬರೆದ ಕ್ಲೇಮು: ಪೇಟೆಂಟ್ ಅರ್ಜಿಯನ್ನು ನಾನೇ ಬರೆದ ಅನುಭವ

ಹುಣಸೆಹಣ್ಣಿನಿಂದ ಬೀಜ ಬೇರ್ಪಡಿಸುವ ನನ್ನ ಯಂತ್ರಕ್ಕೆ 2023ರ ಆರಂಭದಲ್ಲಿ ಚೆನ್ನೈ ಪೇಟೆಂಟ್ ಕಚೇರಿಯಿಂದ ಪೇಟೆಂಟ್ ಮಂಜೂರಾಯಿತು. ಅದರ ಸ್ಪೆಸಿಫಿಕೇಶನ್ನನ್ನು, ಅಂದರೆ ಯಂತ್ರದ ವಿವರಣಾ ದಾಖಲೆಯನ್ನು, ಮೊದಲ ಸಾಲಿನಿಂದ ಕೊನೆಯ ಕ್ಲೇಮಿನವರೆಗೆ (ಯಾವುದರ ಮೇಲೆ ಹಕ್ಕು ಕೇಳುತ್ತೇವೆಂದು ಹೇಳುವ ವಾಕ್ಯವೇ ಕ್ಲೇಮು) ತುಮಕೂರಿನ ಅಂತರಸನಹಳ್ಳಿಯ ನನ್ನ ಲೇತ್ ಶೆಡ್ಡಿನಲ್ಲಿ ಕುಳಿತು ನಾನೇ ಬರೆದೆ. ಡಿಪ್ಲೊಮಾ ಮಾತ್ರ ಓದಿದವನು ಕ್ಲೇಮು ಬರೆದರೆ ಕಚೇರಿಯ ಪರೀಕ್ಷಕರು ಆಕ್ಷೇಪಗಳನ್ನು ಬರೆದು ಕಳಿಸುವ ಮೊದಲ ಪರೀಕ್ಷಾ ವರದಿಯಲ್ಲೇ ಅದು ಬಿದ್ದುಹೋಗುತ್ತದೆ ಎಂದು ಏಜೆಂಟರೊಬ್ಬರೂ, ಪರಿಚಯದ ಉಪನ್ಯಾಸಕರೊಬ್ಬರೂ ಖಚಿತವಾಗಿ ಹೇಳಿದ್ದರು. ಅದು ಬೀಳಲಿಲ್ಲವಾದ್ದರಿಂದ, ನನ್ನಂತೆ ಸಣ್ಣ ವರ್ಕ್‌ಶಾಪ್ ನಡೆಸುತ್ತಾ ಫಾರಂಗಳ ಪರಿಚಯ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಳೆದುಕೊಂಡದ್ದನ್ನು ಹೇಳಬೇಕು. 2017ರ ಜನವರಿಯಲ್ಲಿ ನನ್ನ ಮೊದಲ ಯಂತ್ರಕ್ಕೆ ಪ್ರಾವಿಷನಲ್ ಅರ್ಜಿಯನ್ನು, ಅಂದರೆ ದಿನಾಂಕ ಕಾಯ್ದಿರಿಸುವ ತಾತ್ಕಾಲಿಕ ಅರ್ಜಿಯನ್ನು, ಬೇರೊಬ್ಬರ ಕೈಯಲ್ಲಿ ಬರೆಸಿದೆ. ಅವರು ಪಡೆದದ್ದು ಸುಮಾರು 12,000 ರೂಪಾಯಿ. ಬರೆದುಕೊಟ್ಟದ್ದು ಎರಡು ಪುಟ. ಎರಡು ರೋಲರುಗಳ ನಡುವೆ ಹಣ್ಣು ಹಾಯುತ್ತದೆ, ಬೀಜ ಬೇರೆಯಾಗುತ್ತದೆ ಎಂಬುದಕ್ಕಿಂತ ಹೆಚ್ಚಿನದೇನೂ ಅದರಲ್ಲಿ ಇರಲಿಲ್ಲ. ಆ ವರ್ಷದ ಸುಗ್ಗಿಯಲ್ಲಿ, ಮಾರ್ಚ್ ತಿಂಗಳಲ್ಲಿ, ರೋಲರಿಗೆ ಅಂಟಿದ ತಿರುಳನ್ನು ಕೆರೆಯಲು ಒಂದು ಬಾಚಣಿಗೆಯನ್ನು ಜೋಡಿಸಿದೆ. ಯಂತ್ರ ನಿಜವಾಗಿ ಕೆಲಸ ಮಾಡತೊಡಗಿದ್ದೇ ಆಗ. ಆ ಸಂತೋಷದಲ್ಲಿ ಎರಡು ಯಂತ್ರಗಳನ್ನು ಎಪಿಎಂಸಿ ಯಾರ್ಡಿನ ಮಂಡಿಯವರಿಗೆ ಮಾರಿಯೂ ಬಿಟ್ಟೆ. ಹನ್ನೆರಡು ತಿಂಗಳೊಳಗೆ ಕಂಪ್ಲೀಟ್ ಸ್ಪೆಸಿಫಿಕೇಶನ್, ಅಂದರೆ ಕ್ಲೇಮುಗಳಿರುವ ಪೂರ್ಣ ದಾಖಲೆ, ಸಲ್ಲಿಸಲು ಕುಳಿತಾಗಲೇ ವಿಷಯ ಅರ್ಥವಾದದ್ದು: ಪ್ರಾವಿಷನಲ್‌ನಲ್ಲಿ ಇಲ್ಲದ ಬಾಚಣಿಗೆಗೆ ಪ್ರಾವಿಷನಲ್‌ನ ದಿನಾಂಕ ಸಿಗುವುದಿಲ್ಲ, ಕಂಪ್ಲೀಟ್ ಸಲ್ಲಿಸಿದ ದಿನವೇ ಅದರ ದಿನಾಂಕ, ಅಷ್ಟರಲ್ಲಿ ಅದು ಯಾರ್ಡಿನಲ್ಲಿ ಎಲ್ಲರ ಕಣ್ಣೆದುರು ತಿರುಗುತ್ತಿತ್ತು. ದಿನಾಂಕಕ್ಕೆ ಮೊದಲೇ ಬಹಿರಂಗವಾದದ್ದು ಹೊಸದೆನಿಸುವುದಿಲ್ಲ; ನನ್ನ ಮಾರಾಟವೇ ನನ್ನ ಹೊಸತನವನ್ನು ಕೆಡಿಸಿತ್ತು. ಆ ಅರ್ಜಿಯನ್ನು ಅಲ್ಲಿಗೇ ಕೈಬಿಟ್ಟೆ. ಎರಡು ಪುಟದ ಪ್ರಾವಿಷನಲ್ ಸಲ್ಲಿಸಿ ನೆಮ್ಮದಿಯಾಗಿರುವವರನ್ನು ಕಂಡರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಎರಡನೆಯ ಯಂತ್ರದಲ್ಲಿ ರೋಲರುಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ ಮತ್ತು ಬಾಚಣಿಗೆಯ ಹಲ್ಲುಗಳು ನಿಧಾನದ ರೋಲರಿನ ಗ್ರೂವ್‌ಗಳ ಒಳಕ್ಕೆ ಇಳಿದಿರುತ್ತವೆ. ಇದಕ್ಕೆ ಡ್ರಾಫ್ಟಿಂಗ್‌ಗಾಗಿ ಕೇಳಿದಾಗ 40,000 ರೂಪಾಯಿ ಎಂದರು. ಆ ದುಡ್ಡಿಗೆ ಆಗ ನನಗೆ ಒಂದು ಮೋಟರೂ ಗೇರ್‌ಬಾಕ್ಸೂ ಬರುತ್ತಿದ್ದವು. ಹೀಗಾಗಿ ನಾನೇ ಬರೆಯಲು ಕುಳಿತೆ. ಅಂತರರಾಷ್ಟ್ರೀಯ ಪೇಟೆಂಟ್ ವರ್ಗೀಕರಣದ ಎ23ಎನ್ 4 ವರ್ಗದಲ್ಲಿ, ಅಂದರೆ ಹಣ್ಣಿನ ಬೀಜ ತೆಗೆಯುವ ಯಂತ್ರಗಳ ವರ್ಗದಲ್ಲಿ, ಭಾರತೀಯ ಪೇಟೆಂಟ್ ಕಚೇರಿಯ ಹುಡುಕಾಟ ತಾಣವಾದ ಇನ್‌ಪಾಸ್ ಮತ್ತು ಗೂಗಲ್ ಪೇಟೆಂಟ್ಸ್‌ನಿಂದ ಅರವತ್ತಕ್ಕೂ ಹೆಚ್ಚು ದಾಖಲೆಗಳನ್ನು ಇಳಿಸಿಕೊಂಡು, ರಾತ್ರಿ ಶೆಡ್ಡು ಮುಚ್ಚಿದ ಮೇಲೆ ಅವುಗಳ ಕ್ಲೇಮುಗಳನ್ನಷ್ಟೇ ಕೈಯಲ್ಲಿ ನಕಲು ಮಾಡುತ್ತಿದ್ದೆ. ಹುಡುಕಲು ನಾನು ಬಳಸಿದ ಪದಗಳ ಪಟ್ಟಿಯನ್ನು ಇಲ್ಲಿ ಕೊಡುವುದಿಲ್ಲ; ಅದನ್ನು ಸಿದ್ಧಪಡಿಸಲು ನನಗೆ ಮೂರು ತಿಂಗಳು ಹಿಡಿದಿದೆ, ಇನ್ನೂ ಎರಡು ಅರ್ಜಿಗಳಿಗೆ ಅದು ಬೇಕಾಗಿದೆ.

ನನ್ನ ಮೊದಲ ಕರಡಿನ ಮೊದಲ ಕ್ಲೇಮು ಒಂದೂವರೆ ಪುಟ ಇತ್ತು. ಹಾಪರ್, ಆಂಗಲ್ ಫ್ರೇಮು, ಚೈನು, ಸ್ಪ್ರಾಕೆಟ್, ಸ್ಪ್ರಿಂಗ್, ರಬ್ಬರ್ ಹೊದಿಕೆ, ಕೆಳಗಿನ ಜರಡಿ, ಹೀಗೆ ಯಂತ್ರದಲ್ಲಿ ಕಂಡದ್ದನ್ನೆಲ್ಲ ಅದರಲ್ಲಿ ತುಂಬಿದ್ದೆ. ಅಷ್ಟೆಲ್ಲ ಬರೆದರೆ ರಕ್ಷಣೆ ಹೆಚ್ಚು ಎಂದು ನಂಬಿದ್ದೆ. ಆದರೆ ಕ್ಲೇಮಿನಲ್ಲಿ ಹೇಳಿದ ಭಾಗಗಳೆಲ್ಲ ಇದ್ದರೆ ಮಾತ್ರ ಅದು ನಕಲು, ಆದ್ದರಿಂದ ಜರಡಿಯನ್ನು ತೆಗೆದು ಬಕೆಟ್ ಇಟ್ಟು ಯಂತ್ರ ಮಾರುವವನು ಅಂಥ ಕ್ಲೇಮಿನಿಂದ ಸುಲಭವಾಗಿ ತಪ್ಪಿಸಿಕೊಳ್ಳುತ್ತಾನೆ. ಸಾಲದೆಂಬಂತೆ, ಯಾವುದೋ ಹಳೆಯ ದಾಖಲೆಯಿಂದ 'ಕನ್ಸಿಸ್ಟಿಂಗ್ ಆಫ್' ಎಂಬ ಪದವನ್ನು ಎತ್ತಿಕೊಂಡಿದ್ದೆ. 'ಕಂಪ್ರೈಸಿಂಗ್' ಎಂದರೆ ಇವುಗಳ ಜೊತೆಗೆ ಬೇರೆಯವೂ ಇರಬಹುದು. 'ಕನ್ಸಿಸ್ಟಿಂಗ್ ಆಫ್' ಎಂದರೆ ಇಷ್ಟೇ, ಇನ್ನೇನೂ ಇಲ್ಲ. ಆ ಒಂದು ಪದ ಉಳಿದಿದ್ದರೆ, ಒಂದು ಫ್ಯಾನು ಹೆಚ್ಚಾಗಿ ಜೋಡಿಸಿದವನೂ ನನ್ನ ಕ್ಲೇಮಿನಿಂದ ಹೊರಗಿರುತ್ತಿದ್ದ.

ದಾರಿ ಸಿಕ್ಕಿದ್ದು ಶೆಡ್ಡಿನಲ್ಲಿಯೇ. ಕ್ಲೇಮಿನಲ್ಲಿದ್ದ ಒಂದೊಂದು ಭಾಗವನ್ನೂ ಪೇಪರಿನ ಮೇಲೆ ಹೊಡೆದುಹಾಕುವ ಬದಲು ಯಂತ್ರದಿಂದಲೇ ಬಿಚ್ಚಿಟ್ಟು, ಪ್ರತಿ ಸಲವೂ ಸಿಪ್ಪೆ ತೆಗೆದ 10 ಕೆ.ಜಿ. ಹಣ್ಣನ್ನು ಹಾಯಿಸಿ, ಬೀಜಕ್ಕೆ ಅಂಟಿ ಉಳಿದ ತಿರುಳನ್ನು ಕೆರೆದು ತೂಗಿದೆ. ಜರಡಿ ಬಿಚ್ಚಿದೆ, ವ್ಯತ್ಯಾಸವಿಲ್ಲ, ಕ್ಲೇಮಿನಿಂದ ಜರಡಿ ಹೋಯಿತು. ಹಾಪರಿನ ಬದಲು ಕೈಯಲ್ಲೇ ಹಣ್ಣು ಕೊಟ್ಟೆ. ನಿಧಾನವಾಯಿತೇ ಹೊರತು ಬೀಜ ಬಂತು, ಹಾಪರೂ ಹೋಯಿತು. ರಬ್ಬರಿನ ಬದಲು ನೈಲಾನ್ ರೋಲರ್ ಹಾಕಿದೆ. ಸ್ವಲ್ಪ ಕೆಟ್ಟಿತು, ಆದರೂ ನಡೆಯಿತು, ಹಾಗಾಗಿ ರಬ್ಬರು ಮೊದಲ ಕ್ಲೇಮನ್ನು ಅವಲಂಬಿಸಿದ ಉಪಕ್ಲೇಮಿಗೆ ಇಳಿಯಿತು. ಎರಡೂ ರೋಲರುಗಳಿಗೆ ಒಂದೇ ಅಳತೆಯ ಸ್ಪ್ರಾಕೆಟ್ ಹಾಕಿ ವೇಗವನ್ನು ಸಮ ಮಾಡಿದಾಗ ಮಾತ್ರ ಉಳಿದ ತಿರುಳು ಸುಮಾರು 400 ಗ್ರಾಂನಿಂದ ಒಂದೂವರೆ ಕೆ.ಜಿ.ಗೆ ಏರಿತು. ಬಾಚಣಿಗೆಯನ್ನು ಬಿಚ್ಚಿದ ದಿನ ನಾಲ್ಕೇ ನಿಮಿಷದಲ್ಲಿ ತಿರುಳು ನಾರಿನೊಡನೆ ರೋಲರಿಗೆ ಹಗ್ಗದಂತೆ ಸುತ್ತಿಕೊಂಡು ಬೆಲ್ಟು ಜಾರಿತು. ಅದನ್ನು ಬಿಡಿಸಲು ಬಿಸಿನೀರು ಸುರಿಯಬೇಕಾಯಿತು. ವೇಗದ ವ್ಯತ್ಯಾಸ, ಗ್ರೂವಿನೊಳಗಿನ ಹಲ್ಲು, ಇವೆರಡು ಮತ್ತು ಎರಡು ರೋಲರು: ಮೊದಲ ಕ್ಲೇಮಿನಲ್ಲಿ ಉಳಿದದ್ದು ಇಷ್ಟೇ. ಈ ಪರೀಕ್ಷೆಗಳಿಗೆ ಸುಮಾರು 200 ಕೆ.ಜಿ. ಹಣ್ಣು ಹಿಡಿಯಿತು. ಮಂಡಿಯವರು ಪರಿಚಯದ ಮೇಲೆ ಕೊಟ್ಟದ್ದರಿಂದ, ಮತ್ತು ತಿರುಳನ್ನು ಹಿಂದಿರುಗಿಸಿದ್ದರಿಂದ, ಅದರ ಖರ್ಚು ಹೆಚ್ಚಾಗಲಿಲ್ಲ.

ಅರ್ಜಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಬೇಕೆಂಬುದು ನಿಯಮ. ಆದರೂ ಮೊದಲು ಕನ್ನಡದಲ್ಲಿ ಬರೆದು ನೋಡಿದೆ, ಅದರಿಂದ ನಿರೀಕ್ಷಿಸದ ಲಾಭವಾಯಿತು. ಕ್ಲೇಮು ಎಷ್ಟೇ ಉದ್ದವಿದ್ದರೂ ಒಂದೇ ವಾಕ್ಯವಾಗಿರಬೇಕು; ಕನ್ನಡದಲ್ಲಿ 'ಬೇರೆ ಬೇರೆ ವೇಗದಲ್ಲಿ ಎದುರುಬದುರಾಗಿ ತಿರುಗುವ ಎರಡು ರೋಲರುಗಳನ್ನೂ, ಅವುಗಳಲ್ಲಿ ನಿಧಾನದ ರೋಲರಿನ ಗ್ರೂವ್‌ಗಳೊಳಗೆ ಹಲ್ಲುಗಳನ್ನು ಇಳಿಬಿಟ್ಟಿರುವ ಬಾಚಣಿಗೆಯನ್ನೂ ಹೊಂದಿರುವ ಯಂತ್ರ' ಎಂದು ಬರೆದಾಗ, ಯಾವ ಭಾಗ ಯಾವುದಕ್ಕೆ ಹೇಗೆ ಸಂಬಂಧಿಸಿದೆ ಎಂಬುದನ್ನು ಭಾಗದ ಹೆಸರಿಗಿಂತ ಮೊದಲೇ ಹೇಳಲೇಬೇಕಾಗುತ್ತದೆ. ಸಂಬಂಧ ಹೇಳಲಾಗದ ಭಾಗ ವಾಕ್ಯದಲ್ಲಿ ನಿಲ್ಲುವುದೇ ಇಲ್ಲ. ಇಂಗ್ಲಿಷಿಗೆ ತಿರುಗಿಸುವಾಗ 'ಎ ಹಾಪರ್' ಎಂದು ಒಮ್ಮೆಯೂ ಹೇಳದೆ, ಯಾವ ಹಾಪರ್ ಎಂದು ತಿಳಿಯದಂತೆ, 'ದಿ ಹಾಪರ್' ಎಂದು ಬರೆದ ತಪ್ಪುಗಳು ಮಾತ್ರ ಆರೇಳು ಉಳಿದಿದ್ದವು.

ನಡುವೆ ಎರಡು ಅಡ್ಡ ಪ್ರಯೋಗಗಳನ್ನೂ ಮಾಡಿದೆ. ತೆಂಗಿನಕಾಯಿ ಸುಲಿಯುವ ಸಾಧನವೊಂದಕ್ಕೆ ಕರಡು ಆರಂಭಿಸಿದ್ದೆ. ಕಾಯಿ ಸುಲಿಯುವ, ಒಡೆಯುವ ಯಂತ್ರಗಳ ಎ23ಎನ್ 5 ವರ್ಗದ ದಾಖಲೆಗಳನ್ನು ನೋಡಿದ ಮೇಲೆ ನನ್ನದರಲ್ಲಿ ಹೊಸದೇನೂ ಇಲ್ಲವೆಂದು ಒಂದು ವಾರದಲ್ಲಿ ನಿಲ್ಲಿಸಿದೆ. ಹಣ್ಣಿಗೆ ಉಪ್ಪು ಬೆರೆಸಿ ಮಡಕೆಯಲ್ಲಿ ಒತ್ತಿ ಇಡುವ ನಮ್ಮ ತಾಯಿಯ ವಿಧಾನವನ್ನು ಒಂದು ಉಪಕ್ಲೇಮಾಗಿ ಸೇರಿಸಿದ್ದೆ. ಪಾರಂಪರಿಕ ಜ್ಞಾನಕ್ಕೆ ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್ನು ಪೇಟೆಂಟ್ ಕೊಡುವುದಿಲ್ಲ, ಕೊಡಬಾರದು ಕೂಡ, ಆದ್ದರಿಂದ ಅದನ್ನು ತೆಗೆದೆ.

2019ರ ಜನವರಿಯಲ್ಲಿ ಸಲ್ಲಿಸಿದ ಪ್ರಾವಿಷನಲ್ 17 ಪುಟವಿತ್ತು, ಬಿಚ್ಚಿ ನೋಡಿದ ಪರೀಕ್ಷೆಗಳ ತೂಕದ ಕೋಷ್ಟಕ ಅದರಲ್ಲೇ ಸೇರಿತ್ತು. ಅದಕ್ಕೆ ಶುಲ್ಕ 1,600 ರೂಪಾಯಿ. ಆ ವರ್ಷದ ಡಿಸೆಂಬರಿನಲ್ಲಿ ಕಂಪ್ಲೀಟ್ ಸಲ್ಲಿಸಿದಾಗ ಪುಟಗಳನ್ನು 30ರೊಳಗೆ ನಿಲ್ಲಿಸಿದೆ. ಕ್ಲೇಮುಗಳು 14 ಆದದ್ದರಿಂದ ಹತ್ತರ ಮೇಲಿನ ನಾಲ್ಕಕ್ಕೆ ತಲಾ 320 ರೂಪಾಯಿ ಕಟ್ಟಬೇಕಾಯಿತು. ಬೇಗ ಪ್ರಕಟಣೆಗೆ 2,500, ಕಚೇರಿ ಅರ್ಜಿಯನ್ನು ಪರೀಕ್ಷಿಸಲು 4,000, ಡಿಜಿಟಲ್ ಸಹಿಗೆ ಸುಮಾರು 2,000. ಚಿತ್ರಗಳನ್ನು ಫ್ರೀಕ್ಯಾಡ್ ಎಂಬ ತಂತ್ರಾಂಶದಲ್ಲಿ ನಾನೇ ಬರೆದೆ. ಭಾಗಗಳಿಗೆ 10, 12, 14 ಎಂದು ಸರಿಸಂಖ್ಯೆಗಳನ್ನೇ ಕೊಡುವುದು ಒಳ್ಳೆಯದು, ಆಮೇಲೆ ನೆನಪಾದ ಬೇರಿಂಗಿಗೆ 13 ಖಾಲಿ ಇರುತ್ತದೆ.

ಪರೀಕ್ಷಾ ವರದಿ 2021ರಲ್ಲಿ ಬಂತು. ಇದು ತಿಳಿದಿರುವ ಭಾಗಗಳ ಮರುಜೋಡಣೆ ಮಾತ್ರ ಎಂಬುದು ಅದರ ಮುಖ್ಯ ಆಕ್ಷೇಪ. ಜೊತೆಗೆ 'ದಿ ಹಾಪರ್'ನಂಥ ಅಸ್ಪಷ್ಟತೆಗಳು, ಚಿತ್ರದ ಮೇಲೆ ನಾನು ಬರೆದಿದ್ದ ಪದಗಳು. ಉತ್ತರಕ್ಕೆ ಆರು ತಿಂಗಳ ಅವಕಾಶವಿದ್ದರೂ ಎರಡು ತಿಂಗಳಲ್ಲಿ ಕಳಿಸಿದೆ. 2022ರಲ್ಲಿ ವಿಡಿಯೊ ಮೂಲಕ ಹಿಯರಿಂಗ್ ನಡೆಯಿತು. ಸಲ್ಲಿಸಿದ ಮೇಲೆ ಸ್ಪೆಸಿಫಿಕೇಶನ್ನಿಗೆ ಹೊಸ ವಿಷಯ ಸೇರಿಸುವಂತಿಲ್ಲ. ಆದರೆ ನನಗೆ ಸೇರಿಸಬೇಕಾಗಿಯೇ ಇರಲಿಲ್ಲ. ವೇಗ ಸಮ ಮಾಡಿದಾಗ ಏನಾಯಿತು, ಬಾಚಣಿಗೆ ತೆಗೆದಾಗ ಏನಾಯಿತು ಎಂಬ ತೂಕಗಳೆಲ್ಲ ಮೊದಲ ದಿನದಿಂದಲೇ ಕೋಷ್ಟಕದಲ್ಲಿದ್ದವು, ಎರಡೂ ಸೇರಿದಾಗ ಮಾತ್ರ ಫಲಿತಾಂಶ ಬರುತ್ತದೆ ಎಂಬುದನ್ನು ಅಲ್ಲಿಂದಲೇ ಓದಿ ತೋರಿಸಿದೆ. ಆ ವಾದವನ್ನು ಯಾವ ಕ್ರಮದಲ್ಲಿ ಇಟ್ಟೆ ಎಂಬುದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಯಂತ್ರದ ಗುಟ್ಟು ಮಾತ್ರ ಯಾವುದೂ ಉಳಿದಿಲ್ಲ. ಉತ್ತಮ ವಿಧಾನವನ್ನು ಬಹಿರಂಗಪಡಿಸಲೇಬೇಕೆಂಬ ಕಾನೂನು ಇರುವುದರಿಂದ ರಬ್ಬರಿನ ಗಡಸುತನವೂ ಹಲ್ಲಿನ ಕೋನವೂ ದಾಖಲೆಯಲ್ಲಿವೆ.

ಮಂಜೂರಾದ ಮೇಲೆ ಬಾಕಿ ನವೀಕರಣಕ್ಕೆ ಮೂರು ವರ್ಷದ್ದು ತಲಾ 800ರಂತೆ ಕಟ್ಟಿದೆ. ಹಣ್ಣಿನ ಖರ್ಚು ಬಿಟ್ಟರೆ ಒಟ್ಟು 14,000 ರೂಪಾಯಿಯ ಆಸುಪಾಸು ಆಗಿರಬೇಕು. ಈಗ ಹಣ್ಣು ಒಳಕ್ಕೆ ಕೊಡುವ ತಟ್ಟೆಯ ಸುಧಾರಣೆಗಾಗಿ ಪೇಟೆಂಟ್ ಆಫ್ ಅಡಿಷನ್, ಅಂದರೆ ಮೂಲ ಪೇಟೆಂಟಿಗೆ ಸೇರಿಕೊಳ್ಳುವ ಪೇಟೆಂಟಿನ ಅರ್ಜಿ, ಬರೆಯುತ್ತಿದ್ದೇನೆ. ಮೂಲ ಪೇಟೆಂಟ್ ಜೀವಂತ ಇರುವವರೆಗೆ ಅದಕ್ಕೆ ಪ್ರತ್ಯೇಕ ನವೀಕರಣ ಶುಲ್ಕವಿಲ್ಲ. ಮೊದಲ ಕ್ಲೇಮು ಐದು ಸಾಲಿಗೆ ಬಂದಿದೆ. ತಟ್ಟೆಯನ್ನು ಅಲುಗಿಸುವ ಕ್ಯಾಮ್ ಅದರಲ್ಲಿ ಇರಬೇಕೇ ಬೇಡವೇ ಎಂಬುದನ್ನು ಇನ್ನೂ ನಿರ್ಧರಿಸಿಲ್ಲ, ಏಕೆಂದರೆ ಹೊಸ ಹಣ್ಣು ಬರುವವರೆಗೆ ಅದನ್ನು ಬಿಚ್ಚಿ ಓಡಿಸಿ ನೋಡಲು ಆಗುವುದಿಲ್ಲ.